ಡೊಂಕಿದ್ದದ್ದು ಮೇಜು, ಕೈಯಲ್ಲ

“ನಿಮ್ಮತ್ತಿಗೆ ಕೈ ನಡುಗ್ತೈತೆ ಅಮ್ಮಣ್ಣಿ. ಇನ್ಮೇಲೆ ಅವ್ಳನ್ನ ಮಿಷನ್ ಅತ್ರ ಬಿಡಲ್ಲ.”

ಅಣ್ಣ ಫೋನಿನಲ್ಲಿ ಹೀಗೆ ಹೇಳಿದಾಗ ನಾನು ಸೇಲಂನಲ್ಲಿ, ಮಿಲ್ಲಿನಿಂದ ಮನೆಗೆ ಹೋಗುವ ಬಸ್ಸಿನ ಕಂಬಿ ಹಿಡಿದು ನೇತಾಡುತ್ತಿದ್ದೆ. ಕೇಳಿ ಮೈಯೆಲ್ಲ ಉರಿದುಹೋಯಿತು. ಅತ್ತಿಗೆಯ ಕೈ ನಾನು ಕಾಣದ್ದೇ? ಮುದ್ದೆ ಕಟ್ಟಿದರೆ ಮನೆಯವರೆಲ್ಲರ ತಟ್ಟೆಗೂ ಒಂದೇ ಗಾತ್ರ, ಸೂಜಿಗೆ ದಾರ ಪೋಣಿಸಿದರೆ ಒಂದೇ ಸಲಕ್ಕೆ. ಆ ಕೈ ನಡುಗುತ್ತದಂತೆ! “ನಡುಗೋದು ನಿನ್ ಬುದ್ಧಿ, ಫೋನ್ ವೈ” ಎಂದು ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ. ನನ್ನ ಬಾಯಿ ಸ್ವಲ್ಪ ಜೋರು, ಅದು ಮಿಲ್ಲಿನಲ್ಲೂ ಎಲ್ಲರಿಗೂ ಗೊತ್ತು. ಅಲ್ಲಿ ಯಂತ್ರಗಳನ್ನು ರಿಪೇರಿ ಮಾಡುವ ಫಿಟ್ಟರ್ ನಾನು. ಮರುದಿನವೇ ರಜೆ ಹಾಕಿ, ಟಿಫನ್ ಡಬ್ಬಿಯಲ್ಲಿ ಬಟ್ಟೆ ಸುತ್ತಿದ, ಏರುಪೇರು ಅಳೆಯುವ ಡಯಲ್ ಗೇಜು ಇಟ್ಟುಕೊಂಡು ಧರ್ಮಪುರಿ ಬಸ್ಸು ಹತ್ತಿದೆ.

ಅಣ್ಣನ ಮರಗೆಲಸದ ಶೆಡ್ಡು ಪೆನ್ನಾಗರಂನಿಂದ ಸ್ವಲ್ಪ ಆಚೆ, ಹೊಗೇನಕಲ್ ಕಡೆ ಹೋಗುವ ರಸ್ತೆಯಲ್ಲಿದೆ. ಬಾಗಿಲು, ಕಿಟಕಿ, ಮಂಚ ಮಾಡಿಕೊಂಡಿದ್ದವನಿಗೆ ಈ ಸಲ ಜೇನು ಸಾಕುವವರ ಸಂಘವೊಂದರಿಂದ ಪೆಟ್ಟಿಗೆಗಳ ಕೆಲಸ ಸಿಕ್ಕಿತ್ತು. ಅವನು ಊರೂರು ತಿರುಗಿ ಬಾಗಿಲು ಕೂಡಿಸುವವನು, ಶೆಡ್ಡಿನಲ್ಲಿ ಇರುವುದೇ ಕಮ್ಮಿ. ಹಾಗಾಗಿ ಪೆಟ್ಟಿಗೆಯ ಹಲಗೆಗಳನ್ನೆಲ್ಲ ಗರಗಸದ ಮಿಷನ್ನಿನಲ್ಲಿ ಕುಯ್ದವಳು ಅತ್ತಿಗೆ. ಮೊದಲ ಲೋಡು ಸಂಘಕ್ಕೆ ಹೋಗಿ ಹಾಗೇ ವಾಪಸ್ ಬಂತು. ಪೆಟ್ಟಿಗೆ ಮೇಲೆ ಪೆಟ್ಟಿಗೆ ಇಟ್ಟರೆ ಕುಂಟುತ್ತಿತ್ತು. ಒಳಗೆ ಎರಿ ಕಟ್ಟಿಸುವ ಚೌಕಟ್ಟುಗಳನ್ನು ಕೂರಿಸಲು ಹಲಗೆಯ ಅಂಚಿನಲ್ಲಿ ಒಂದು ಕಚ್ಚು ಕೊಡಬೇಕು, ಆ ಕಚ್ಚು ಒಂದು ತುದಿಯಲ್ಲಿ ಆಳ, ಇನ್ನೊಂದು ತುದಿಯಲ್ಲಿ ಮೇಲು. ಮನುಷ್ಯರಾದರೆ ಅಡ್ಜಸ್ಟ್ ಮಾಡಿಕೊಳ್ಳುತ್ತಾರೆ, ಜೇನುಹುಳ ಮಾಡಿಕೊಳ್ಳುವುದಿಲ್ಲ. ಸಂದು ಜಾಸ್ತಿಯಾದರೆ ಅಲ್ಲೇ ಎರಿ ಕಟ್ಟುತ್ತದೆ, ಕಮ್ಮಿಯಾದರೆ ಅಂಟು ಮೆತ್ತಿ ಮುಚ್ಚಿಬಿಡುತ್ತದೆ. ಆಮೇಲೆ ಚೌಕಟ್ಟನ್ನು ಎತ್ತಲಿಕ್ಕೇ ಆಗುವುದಿಲ್ಲ.

ಸಂಘದ ಮೇಡಂ ಶುಕ್ರವಾರ ಖುದ್ದಾಗಿ ಬರುತ್ತೇನೆ ಎಂದಿದ್ದರು. ಅವರ ಕಣ್ಣೆದುರು ಒಂದು ಪೆಟ್ಟಿಗೆ ಸರಿಯಾಗಿ ಆಗಬೇಕು, ಇಲ್ಲದಿದ್ದರೆ ಕೆಲಸ ಜೇನುಪೆಟ್ಟಿಗೆಗೆ ಹೆಸರಾದ ಮಾರ್ತಾಂಡಂ ಕಡೆಗೆ ಹೋಗುತ್ತದೆ. ಕೆಲಸ ಹೋದರೆ ಇನ್ನೊಂದು ಬರುತ್ತದೆ ಬಿಡಿ. ನನ್ನ ಹೊಟ್ಟೆಯುರಿ ಬೇರೆ. ಅಣ್ಣನನ್ನು ಕಟ್ಟಿಕೊಂಡ ಮೇಲೆ ಅತ್ತಿಗೆ ತಾನಾಗಿ ಕಲಿತ ಕೆಲಸ ಅಂದರೆ ಈ ಮಿಷನ್ನು ಒಂದೇ. ಶುಕ್ರವಾರ ಕೆಟ್ಟರೆ ಅದರ ಸ್ವಿಚ್ಚನ್ನು ಅವಳು ಇನ್ನು ಮುಟ್ಟುವ ಹಾಗಿರಲಿಲ್ಲ.

ನಾನು ಹೋದಾಗ ಅವಳು ಶೆಡ್ಡಿನ ಹೊರಗೆ ಕೂತು ಬಾಗಿಲಿಗೆ ಉಪ್ಪುಕಾಗದ ಉಜ್ಜುತ್ತಿದ್ದಳು. ಮುಖ ಬಾಡಿತ್ತು. ಅತ್ತಿಗೆ ನಮ್ಮ ಸೋದರತ್ತೆಯ ಮಗಳು, ಚಿಕ್ಕಂದಿನಿಂದ ಕೂಡಿ ಬೆಳೆದವಳು, ಅಣ್ಣನನ್ನು ಇವತ್ತಿಗೂ ಬಾವ ಅಂತಲೇ ಕರೆಯುವುದು.

“ನನ್ ಕೈಯೇ ಇರ್ಬೋದು ಅಮ್ಮಣ್ಣಿ,” ಎಂದಳು. “ಮೋಟ್ರು ತಾನಾಗೇ ನನ್ ಕಡೆಗೆ ನುಗ್ಗಿ ಬರ್ತೈತೆ. ನಾನು ಅದ್ನ ತಡ್ದು ತಡ್ದು ಬಿಡ್ಬೇಕು. ತೋಳೆಲ್ಲ ನೋವು. ಬಾವ ನೋಡ್ದೋರು ನಡುಗ್ತೈತೆ ಅಂದ್ರು.”

ತಾನಾಗೇ ನುಗ್ಗಿ ಬರುತ್ತದೆ! ಫಿಟ್ಟರಿಗೆ ಇಷ್ಟು ಸಾಕು. ರೋಗಿ ಬಾಯಿಬಿಟ್ಟು ಹೇಳಿದ ಮೇಲೆ ಡಾಕ್ಟರಿಗೆ ಇನ್ನೇನು ಬೇಕು?

ಈ ಮಿಷನ್ನಿನ ಹೆಸರು ರೇಡಿಯಲ್ ಆರ್ಮ್ ಸಾ. ನಮ್ಮ ಕಡೆ ಎಲ್ಲರ ಬಾಯಲ್ಲಿ ಅದು ಕೈ ಮಿಷನ್. ಮೇಜಿನ ಹಿಂದೆ ತೊಡೆಗಾತ್ರದ ಕಬ್ಬಿಣದ ಕಂಬ, ಕಂಬದಿಂದ ಮೇಜಿನ ಮೇಲೆ ನಮ್ಮ ಕಡೆಗೆ ಚಾಚಿದ ಒಂದು ಕೈ. ಆ ಕೈಯ ಒಳಗಿನ ಎರಡು ಹಳಿಗಳ ಮೇಲೆ ಗಾಲಿ ಕಟ್ಟಿಕೊಂಡು ಮೋಟಾರು ನೇತಾಡುತ್ತದೆ, ಮೋಟಾರಿಗೆ ಗರಗಸದ ಚಕ್ರ. ಬೇರೆ ಮಿಷನ್ನುಗಳಲ್ಲಿ ಹಲಗೆಯನ್ನು ಗರಗಸಕ್ಕೆ ತಳ್ಳಬೇಕು, ಇದರಲ್ಲಿ ಹಲಗೆ ಸುಮ್ಮನೆ ಮಲಗಿರುತ್ತದೆ, ಗರಗಸವನ್ನೇ ಕಂಬದ ಕಡೆಯಿಂದ ನಮ್ಮ ಕಡೆಗೆ ಎಳೆಯಬೇಕು. ಅಣ್ಣ ಶೆಡ್ಡು ಹಾಕಿದಾಗ ಸೇಲಂನ ಹಳೇ ಯಂತ್ರಗಳ ಅಂಗಡಿಯಿಂದ ತಂದದ್ದು. ಆಗಲೇ ಅದು ಮುದುಕ. ಆದರೆ ಬಣ್ಣ ಮಾತ್ರ ಮದುಮಗನ ಹಾಗೆ, ಆಯುಧಪೂಜೆ ಮುಗಿದು ಇನ್ನೂ ತಿಂಗಳಾಗಿರಲಿಲ್ಲ, ಹಸಿರು ಎನಾಮಲ್ ಥಳಥಳ ಹೊಳೆಯುತ್ತಿತ್ತು.

ಅಣ್ಣ ಬಂದವನೇ ನನ್ನ ಡಬ್ಬಿ ನೋಡಿ ನಕ್ಕ. “ಏನು, ಮಿಲ್ಲಿನ ಡಾಕ್ಟ್ರಮ್ಮ ಬಂದವ್ರೆ?”

“ಔದು. ಮೇಜು ಡೊಂಕೈತೆ, ಅದ್ಕೆ ಬಂದೆ.”

“ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ!” ಅಂದ ಅಣ್ಣ, ಅತ್ತಿಗೆಗೆ ಕೇಳುವ ಹಾಗೆ.

“ಒಂದೊಂದ್ ಸಲ ನೆಲಾನೂ ಡೊಂಕಿರ್ತೈತೆ ಕಣಣ್ಣ. ಅಳ್ದು ನೋಡಿದ್ರೆ ಏನ್ ಗಂಟು ಓಗ್ತೈತೆ?”

ಮೊದಲು ಒಂದು ಪರೀಕ್ಷೆ ಮಾಡಿದೆ. ಅತ್ತಿಗೆಯಿಂದ ಮೂರು ಹಲಗೆಗೆ ಕಚ್ಚು ಹೊಡೆಸಿದೆ, ಅಣ್ಣನಿಂದ ಮೂರು. ಯಾರದು ಯಾವುದು ಎಂದು ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ, ಎಲ್ಲವನ್ನೂ ಕಲಸಿ ಅಣ್ಣನ ಮುಂದೆ ಹರವಿದೆ. “ಇದ್ರಲ್ಲಿ ನಡುಗೋ ಕೈ ಯಾವುದು, ತೆಗ್ದು ಕೊಡು” ಎಂದೆ. ಅವನು ಕಚ್ಚಿನೊಳಗೆ ಉಗುರು ಆಡಿಸಿ, ಒಂದು ಕಣ್ಣು ಮುಚ್ಚಿ ನೋಡಿ, ತೀರಾ ಕೆಟ್ಟದ್ದು ಒಂದನ್ನು ಎತ್ತಿದ. ತಿರುಗಿಸಿದರೆ ಅವನದೇ. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡಳು. ನಾನು ಮಾತ್ರ ಮುಚ್ಚುಮರೆ ಇಲ್ಲದೆ ನಕ್ಕೆ.

ಒಪ್ಪಿಕೊಂಡರೆ ಅವನು ನಮ್ಮ ಅಣ್ಣನೇ ಅಲ್ಲ. “ಮರ ಅಸಿ ಐತೆ” ಎಂದ. ಆಮೇಲೆ ರಸಮಟ್ಟ ತಂದು ಮೇಜಿನ ಮೇಲೆ ಇಟ್ಟ. ಗಾಜಿನ ಗುಳ್ಳೆ ಎರಡು ಗೀಟಿನ ನಟ್ಟನಡುವೆ ನಿಂತಿತು. ಅಡ್ಡ ಇಟ್ಟ, ಉದ್ದ ಇಟ್ಟ, ಮೂಲೆಯಿಂದ ಮೂಲೆಗೆ ಇಟ್ಟ. ಗುಳ್ಳೆ ಅಲ್ಲಾಡಲಿಲ್ಲ. “ನಾನೇ ನೀರ್ ಟ್ಯೂಬ್ ಇಡ್ದು ಮಟ್ಟ ಮಾಡಿವ್ನಿ. ಈ ಜಿಲ್ಲೇಲಿ ಇಂಥ ಮಟ್ಟ ತೋರ್ಸು ನೋಡಾನ” ಎಂದು ಮೀಸೆ ತಿರುವಿದ.

ಮಟ್ಟ ಸುಳ್ಳಲ್ಲ, ಅವನ ಕೈಗೆಲಸವೂ ಸುಳ್ಳಲ್ಲ. ಬಾಗಿಲು ಕೂಡಿಸುವವನು ಭೂಮಿಗೆ ಮಟ್ಟ ನೋಡಬೇಕು, ಗೋಡೆ ಕಟ್ಟುವವನೂ ನೋಡಬೇಕು. ಈ ಮಿಷನ್ನಿನಲ್ಲಿ ಗರಗಸ ನೇತಾಡುವುದು ಮೇಲಿನ ಕೈಯಿಂದ. ಭೂಮಿ ಹೇಗಿದೆ ಎಂದು ಅದಕ್ಕೆ ಗೊತ್ತೇ ಇಲ್ಲ. ಕೈ ಇಳಿದರೆ ಗರಗಸವೂ ಇಳಿಯುತ್ತದೆ, ಮೇಜು ಮಾತ್ರ ಭೂಮಿಗೆ ನಿಷ್ಠೆಯಾಗಿ ಮಲಗಿರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಕಥೆ. ಇಲ್ಲಿ ಮಟ್ಟ ಮಾಡುವುದು ಅಂದರೆ ಮೇಜನ್ನು ಆ ಕೈಗೆ ಸಮ ಮಾಡುವುದು. ಇದನ್ನು ನಾನು ಹೇಳಿದೆ, ಅಣ್ಣ ಕಿವಿಯ ಮೇಲೆ ಹಾಕಿಕೊಳ್ಳದೆ ಕಂಬೈನಲ್ಲೂರಿಗೆ ಬಾಗಿಲು ಕೂಡಿಸಲು ಹೊರಟುಹೋದ. ಒಳ್ಳೆಯದೇ ಆಯಿತು.

ನಾನೂ ಅತ್ತಿಗೆಯೂ ಶುರು ಮಾಡಿದೆವು. ಮೊದಲು ಪ್ಲಗ್ ಕಿತ್ತು ಅವಳ ಕೈಗೆ ಕೊಟ್ಟೆ. ಕರೆಂಟು ನಮ್ಮ ಕೈಯಲ್ಲಿ ಇದ್ದರೆ ಧೈರ್ಯ. ಗರಗಸದ ಚಕ್ರ ಬಿಚ್ಚಿದೆವು. ಮೇಜಿನ ಹಲಗೆಗಳನ್ನು ತೆಗೆದೆವು. ಕೆಳಗೆ ಎರಡು ಕಬ್ಬಿಣದ ಪಟ್ಟಿಗಳು ಕಂಡವು, ಎಡಕ್ಕೊಂದು, ಬಲಕ್ಕೊಂದು. ಮೇಜು ಕೂರುವುದು ಇವುಗಳ ಮೇಲೆ. ಒಂದೊಂದು ಪಟ್ಟಿಗೂ ಮುಂದೊಂದು ಹಿಂದೊಂದು ಬೋಲ್ಟು, ಬೋಲ್ಟಿನ ತೂತು ಉದ್ದಕ್ಕಿದೆ, ಸಡಿಲಿಸಿದರೆ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಬಹುದು. ಮೋಟಾರನ್ನು ಮಗುಚಿ ಅದರ ಶಾಫ್ಟು ನೆಲ ನೋಡುವ ಹಾಗೆ ನಿಲ್ಲಿಸಿದೆ. ಶಾಫ್ಟಿಗೆ ಡಯಲ್ ಗೇಜು ಕಟ್ಟಿದೆ. ಗೇಜಿನ ಮೂಗು ಪಟ್ಟಿಯನ್ನು ಮುಟ್ಟಿದರೆ, ಕೂದಲೆಳೆಯಷ್ಟು ಏರುಪೇರಾದರೂ ಮುಳ್ಳು ತಿರುಗಿ ಹೇಳಿಬಿಡುತ್ತದೆ.

ಬಲಪಟ್ಟಿಯ ಹಿಂತುದಿಯಲ್ಲಿ ಮುಳ್ಳನ್ನು ಸೊನ್ನೆಗೆ ತಂದು, ಮೋಟಾರನ್ನು ಮುಂದಕ್ಕೆ ಎಳೆದೆ. ಮುಳ್ಳು ಓಡಿತು, ಒಂದು ಸುತ್ತು ಮುಗಿಸಿ ಇನ್ನೊಂದನ್ನು ಹಿಡಿಯಿತು. ಕೈಯನ್ನು ಎಡಕ್ಕೆ ತಿರುಗಿಸಿ, ಬಿಗಿದು, ಎಡಪಟ್ಟಿ ನೋಡಿದೆ. ಅದರ ಕಥೆಯೇ ಬೇರೆ, ಅದು ಬಲದ್ದಕ್ಕಿಂತ ತಗ್ಗು. ಕಚ್ಚು ಆಳ ತಪ್ಪುವುದೂ ಅಂಚು ಓರೆ ಬೀಳುವುದೂ ಇದರಿಂದಲೇ.

“ನೋಡು” ಎಂದೆ ಅತ್ತಿಗೆಗೆ. “ಇದು ನಿನ್ ಕೈಯಾ?”

ಅವಳು ಮುಳ್ಳಿನ ಹತ್ತಿರಕ್ಕೆ ಬಾಗಿದಳು. “ಇನ್ನೊಂದ್ ಸಲ ಎಳಿ” ಎಂದಳು. ಎಳೆದೆ. “ಇನ್ನೊಂದ್ ಸಲ.” ಅವಳ ಕಣ್ಣು ತುಂಬಿತ್ತು. ನನಗೆ ಅಣ್ಣನನ್ನು ಅಲ್ಲೇ ಹಿಡಿದು ಬಡಿಯಬೇಕು ಅನ್ನಿಸಿತು.

ಸರಿ ಮಾಡುವುದು ಸುಲಭ ಅಂದುಕೊಂಡೆ. ಬೋಲ್ಟು ಸಡಿಲಿಸಿ, ಮರದ ಸುತ್ತಿಗೆಯಲ್ಲಿ ತಟ್ಟಿ, ಮುಳ್ಳು ನೋಡಿ, ಬಿಗಿ. ಒಂದು ಮೂಲೆ ಸರಿಯಾದರೆ ಇನ್ನೊಂದು ಕೆಡುತ್ತದೆ, ಮತ್ತೆ ಸುತ್ತು. ಊಟ ಮರೆತು ನಾಲ್ಕು ಮೂಲೆಯನ್ನೂ ಸಮಕ್ಕೆ ತಂದೆವು. ಆದರೆ ಹಿಂದಿನಿಂದ ಎಳೆಯುವಾಗ, ಕಂಬದಿಂದ ಒಂದು ಗೇಣು ಈಚೆಗೆ, ಮುಳ್ಳು ಥಟ್ಟನೆ ಜಿಗಿಯುತ್ತಿತ್ತು. ಏನೋ ಧೂಳಿರಬಹುದು ಎಂದು ಊದಿದೆ. ನಾಳೆ ನೋಡೋಣ ಎಂದು, ಅಣ್ಣನಿಗೆ ತೋರಿಸಿ ಮಾನ ತೆಗೆಯುವ ಖುಷಿಯಲ್ಲಿ ಮಲಗಿದೆ.

ಬೆಳಗ್ಗೆ ಅಣ್ಣನನ್ನು ಕರೆದುಕೊಂಡು ಬಂದು ಮುಳ್ಳು ತೋರಿಸಿದರೆ ನಾಲ್ಕು ಮೂಲೆಯೂ ನಾಲ್ಕು ಮಾತು! ರಾತ್ರಿ ಬಿಗಿದ ಬೋಲ್ಟುಗಳು ಬೆರಳಿಗೇ ಸಡಿಲ. “ಸೂಪರ್ ಮಟ್ಟ” ಎಂದ ಅಣ್ಣ. “ನಿಂದೂ ಕೈ ನಡುಗ್ತೈತಾ ಅಮ್ಮಣ್ಣಿ?” ನನ್ನ ಮುಖಕ್ಕೆ ನೆತ್ತರು ನುಗ್ಗಿತು. ಹತ್ತಾರು ವರ್ಷ ಪಾನಾ ಹಿಡಿದ ನನಗೆ ಬಿಗಿದ ಬೋಲ್ಟು ಸಡಿಲಾದರೆ ಅದಕ್ಕಿಂತ ಅವಮಾನ ಬೇರೆ ಇಲ್ಲ. ಮತ್ತೆ ಬಿಗಿದೆ. ಹೊತ್ತು ಬಿಟ್ಟು ನೋಡಿದೆ, ಮತ್ತೆ ಜಾರಿತ್ತು. ಕಬ್ಬಿಣ ಕಬ್ಬಿಣವನ್ನು ಕಚ್ಚಿದರೆ ಹೀಗಾಗುವುದಿಲ್ಲ. ನಡುವೆ ಮೆತ್ತಗಿನದ್ದು ಏನೋ ಇದೆ.

ಬಲಪಟ್ಟಿಯನ್ನು ಪೂರ್ತಿ ಕಳಚಿ ಬಿಸಿಲಿಗೆ ತಂದೆ. ಬೋಲ್ಟು ಕೂರುವ ಜಾಗದಲ್ಲಿ ಬ್ಲೇಡಿನ ತುದಿಯಿಂದ ಕೆರೆದರೆ ಹಸಿರು, ಅದರ ಕೆಳಗೆ ನೀಲಿ, ಅದರ ಕೆಳಗೆ ಮತ್ತೆ ಹಸಿರು, ಈರುಳ್ಳಿ ಸಿಪ್ಪೆಯ ಹಾಗೆ ಬಂತು. ಆಗ ತಲೆಗೆ ಹೋಯಿತು. ನಮ್ಮ ಕಡೆ ಆಯುಧಪೂಜೆ ಅಂದರೆ ಮಿಷನ್ ತೊಳೆದು ಹೂವಿಟ್ಟರೆ ಮುಗಿಯುವುದಿಲ್ಲ. ಬಣ್ಣ ಹೊಡೆಯಬೇಕು. ಲಾರಿ, ಪಂಪ್‌ಸೆಟ್ಟು, ಕಬ್ಬಿನ ಗಾಣ, ಎಲ್ಲಕ್ಕೂ. ಬಣ್ಣ ಹೊಡೆಯದವನು ಸೋಮಾರಿ. ನಮ್ಮಣ್ಣ ಭಕ್ತಿಯವನು, ಒಂದು ವರ್ಷವೂ ತಪ್ಪಿಸಿದವನಲ್ಲ, ದಪ್ಪ ಬ್ರಷ್ಷಿನಲ್ಲಿ ಒಳಗೂ ಹೊರಗೂ ಬಳಿಯುವವನು. ಪಟ್ಟಿಗೂ ಮಿಷನ್ನಿನ ಮೈಗೂ ನಡುವೆ ವರ್ಷ ವರ್ಷದ ಬಣ್ಣ ಇಳಿದು ಕೂತಿತ್ತು. ಎಷ್ಟು ಬಿಗಿದರೂ ಆ ಬಣ್ಣ ಮೆಲ್ಲಗೆ ಹಿಂಡಿ ಜಾರುತ್ತಿತ್ತು.

ಟಾರ್ಚ್ ಹಿಡಿದು ಕೈಯ ಒಳಗಿನ ಹಳಿಗಳನ್ನು ನೋಡಿದೆ. ಅಲ್ಲಿ ಇನ್ನೂ ಚೆಂದ. ಪೂಜೆಯ ದಿನ ಮೋಟಾರನ್ನು ಯಾವಾಗಲೂ ಕಂಬಕ್ಕೆ ತಾಗಿಸಿ ನಿಲ್ಲಿಸುತ್ತಾರೆ. ಗಾಲಿ ನಿಂತ ಜಾಗ ಬಿಟ್ಟು ಮಿಕ್ಕ ಹಳಿಗೆಲ್ಲ ಬಣ್ಣ. ಪ್ರತಿ ವರ್ಷ ಅದೇ ಜಾಗ, ಅದೇ ಬಣ್ಣ. ಹೀಗೆ ಗಾಲಿಯ ಮುಂದೆ ಒಂದು ಮೆಟ್ಟಿಲೇ ಎದ್ದಿತ್ತು. ಆ ಮೆಟ್ಟಿಲ ಮೇಲೆ ಅಣ್ಣ ಇಟ್ಟ ಚಂದನ, ಕುಂಕುಮದ ಪೊಟ್ಟು, ಅಂದರೆ ಬೊಟ್ಟು, ಎಣ್ಣೆಯನ್ನೂ ಮರದಪುಡಿಯನ್ನೂ ಕುಡಿದು ಕಲ್ಲಾಗಿತ್ತು. ಗೇಜಿನ ಮುಳ್ಳು ಜಿಗಿದ ಜಾಗ ಇದೇ.

ಎಲ್ಲಾ ಬಣ್ಣ ಕೆರೆದು ಬರಿಯ ಕಬ್ಬಿಣಕ್ಕೆ ಇಳಿಯದೆ ಬೇರೆ ದಾರಿ ಇರಲಿಲ್ಲ. ಅಣ್ಣನಿಗೆ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸಲೀಸಾಗುತ್ತಿತ್ತು. ಮಿಷನ್ನಿನ ಕಂಬದ ಮೇಲೆ ಅಂಗೈ ಇಟ್ಟು ನಿಂತ.

“ಇಷ್ಟು ವರ್ಸ ಈ ಮಿಷನ್ನು ಒಂದ್ ಬೆರಳು ಕೇಳಿಲ್ಲ ಅಮ್ಮಣ್ಣಿ. ಈ ರೋಡಲ್ಲಿ ಗರಗಸ ಇರೋ ಶೆಡ್ಡೆಲ್ಲ ಓಗಿ ನೋಡು, ಬೆರಳು ಪೂರ್ತಿ ಇರೋ ಮರಗೆಲಸದ ಆಸಾರಿ ಎಷ್ಟು ಜನ ಅವ್ರೆ? ಯಾಕೆ ಕೇಳಿಲ್ಲ? ಆ ಪೊಟ್ಟು. ಅದ್ನ ನಾನು ಕೆರೆಯಲ್ಲ. ನಿಮ್ಮನ್ನೂ ಬಿಡಲ್ಲ.”

ಬಣ್ಣದ ಬಗ್ಗೆ ವಾದ ಮಾಡಬಲ್ಲೆ, ಇದಕ್ಕೆ ಏನು ಹೇಳಲಿ? ಅವನು ಹೆದರುತ್ತಿದ್ದುದು ಅತ್ತಿಗೆಯ ಬೆರಳಿಗೇ ಅಲ್ಲವೇ. ಇನ್ನೊಂದು ಭಯ ನನಗೂ ಇತ್ತು. ಕೆರೆಯಲು ಹೊರಟರೆ ಮಿಷನ್ನನ್ನು ಪೂರ್ತಿ ಬಿಚ್ಚಬೇಕು. ಶುಕ್ರವಾರದೊಳಗೆ ಕೂಡಿಸಲು ಆಗದಿದ್ದರೆ ಡೊಂಕು ಪೆಟ್ಟಿಗೆ ಕೂಡ ಇಲ್ಲ, ಬರಿಯ ಕಬ್ಬಿಣದ ರಾಶಿ ಇರುತ್ತದೆ. ಆಗ ಅತ್ತಿಗೆಯ ಪರವಾಗಿ ಮಾತಾಡಲು ನನಗೂ ಮುಖ ಇರುವುದಿಲ್ಲ.

ಅತ್ತಿಗೆ ಒಳಗೆ ಹೋದಳು. ಮುನಿಸಿಕೊಂಡು ಹೋದಳು ಅಂದುಕೊಂಡೆ. ತಟ್ಟೆಯಲ್ಲಿ ಕರ್ಪೂರ, ಒಂದು ಚೊಂಬು ನೀರು ಹಿಡಿದು ಬಂದಳು.

“ಬಾವ, ದೇವ್ರಿಗೆ ಅಬಿಸೇಕ ಮಾಡ್ವಾಗ ಅಳೇ ಚಂದನ ತೆಗ್ದೇ ತಾನೇ ಒಸಾದು ಇಡಾದು?” ಎಂದಳು. “ಅಳೇದ್ರ ಮೇಲೇ ಮೆತ್ತಿ ಮೆತ್ತಿ ಇಟ್ರೆ ದೇವ್ರ ಮುಖಾನೇ ಕಾಣಲ್ಲ. ಇದೂ ಅಂಗೇ.”

ಅಣ್ಣ ಕಂಬದ ಮೇಲಿಂದ ಅಂಗೈ ತೆಗೆದ.

“ಇದ್ರ ಮುಂದೆ ನಿಲ್ಲೋಳು ನಾನು. ಬೆರಳು ನಂದು. ನಾನೇ ಕೆರೀತೀನಿ. ತಪ್ಪಾದ್ರೆ ನಂಗೇ ಆಗ್ಲಿ.”

ಕರ್ಪೂರ ಹಚ್ಚಿ ಬೆಳಗಿದಳು, ನೀರು ಚಿಮುಕಿಸಿದಳು, ನನ್ನ ಕೈಯಿಂದ ಬ್ಲೇಡಿನ ತುಂಡು ಕಿತ್ತುಕೊಂಡು ಮೊದಲ ಪೊಟ್ಟನ್ನು ತಾನೇ ಎಬ್ಬಿಸಿದಳು. ಎಬ್ಬಿಸಿದ್ದನ್ನು ನೆಲಕ್ಕೆ ಬಿಡದೆ ಅಂಗೈಯಲ್ಲಿ ಹಿಡಿದು ತಟ್ಟೆಗೆ ಹಾಕಿದಳು. ಅಬ್ಬಾ, ನಮ್ಮತ್ತಿಗೆ! ಬಾಯಿಲ್ಲದವಳು ಅಂತ ಊರೆಲ್ಲ ಹೇಳುವ ಹೆಂಗಸು. ಅಣ್ಣ ಅಲ್ಲೇ ನಿಂತು ನೋಡಿದ, ಬೇಡ ಎನ್ನಲಿಲ್ಲ.

ಆಮೇಲೆ ಕೆಲಸವೋ ಕೆಲಸ. ತಿನ್ನರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ನೆನೆಸುವುದು, ಮೆತ್ತಗಾದ ಮೇಲೆ ಕೆರೆಯುವುದು, ಎಮೆರಿ ಕಾಗದ ಉಜ್ಜುವುದು. ವಾಸನೆಗೆ ತಲೆ ತಿರುಗುತ್ತಿತ್ತು. ಬ್ಲೇಡು ಹಳಿಗೆ ಗೀರು ಹಾಕಬಾರದು, ಅಲ್ಲಿ ಗಾಯವಾದರೆ ಗಾಲಿ ಜನ್ಮವಿಡೀ ಕುಂಟುತ್ತದೆ. ಹಾಗಾಗಿ ಹಳಿಯ ಕೊನೆಯ ಪದರವನ್ನು ಅತ್ತಿಗೆ ಬಿದಿರಿನ ಸೀಳಿನಿಂದ ತೆಗೆದಳು. ಅದು ಅವಳದೇ ಯೋಚನೆ, ನನಗೆ ಹೊಳೆದಿರಲಿಲ್ಲ. ಬಣ್ಣದಡಿಯಿಂದ ಬೂದುಬಣ್ಣದ ನುಣುಪು ಕಬ್ಬಿಣ ಹೊರಬಂತು. ಎಂಥ ಕೆಲಸ ಅಂತೀರಿ! ಹಳಿಯ ಮೇಲೆ ಬೆರಳಿಟ್ಟರೆ ಗಾಜು ಮುಟ್ಟಿದ ಹಾಗೆ. ಇದನ್ನು ಉಜ್ಜಿ ಮಾಡಿದವನು ಯಾವ ದೇಶದವನೋ, ಅವನಿಗೆ ಅಲ್ಲಿಂದಲೇ ಕೈಮುಗಿದೆ.

ಎಲ್ಲ ಚೆನ್ನಾಗಿ ಹೋಗುತ್ತಿದೆ ಅನ್ನುವಾಗ ಎಡಪಟ್ಟಿಯ ಹಿಂದಿನ ಬೋಲ್ಟು ಬಣ್ಣದಲ್ಲಿ ಹೂತು ಜಾಮ್ ಆಗಿ, ನಾನು ಪಾನಾ ಹಾಕಿ ತಿರುಗಿಸಿದ್ದಕ್ಕೆ ಟಕ್ಕನೆ ತಲೆ ಮುರಿಯಿತು. ಬುಡ ಹೇಗೋ ಬಿಚ್ಚಿಕೊಂಡು ಬಂತು. ಪೆನ್ನಾಗರಂ ಅಂಗಡಿಗಳಲ್ಲಿ ಅದರ ಜೋಡಿ ಇಲ್ಲ. ಈಗಿನ ಬೋಲ್ಟುಗಳ ಮರೆ, ಅಂದರೆ ತಿರುಪಿನ ಎಳೆ, ಮಿಲಿಮೀಟರಿನ ಲೆಕ್ಕ, ಈ ಮುದುಕನದು ಇಂಚಿನ ಲೆಕ್ಕ. ಎರಡು ಸುತ್ತು ಹೋಗಿ ನಿಂತುಬಿಡುತ್ತದೆ, ಒತ್ತಾಯ ಮಾಡಿದರೆ ಮಿಷನ್ನಿನ ಮರೆಯೇ ಹಾಳು. ಗುರುವಾರ ಮಧ್ಯಾಹ್ನ ಆಗಿತ್ತು. ಮುರಿದ ಬೋಲ್ಟು ಹಿಡಿದು ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅತ್ತಿಗೆ ಕೆರೆದ ಬಣ್ಣ ಗುಡಿಸುತ್ತಿದ್ದಳು.

ಅಣ್ಣ ಬಂದು ನನ್ನ ಕೈಯಿಂದ ಬೋಲ್ಟು ತೆಗೆದುಕೊಂಡ, ಬೆಳಕಿಗೆ ಹಿಡಿದು ನೋಡಿದ, ಜೇಬಿಗೆ ಹಾಕಿಕೊಂಡು ಬೈಕು ಹತ್ತಿದ. ಎಲ್ಲಿಗೆ ಎಂದೂ ಹೇಳಲಿಲ್ಲ. ಹೊತ್ತು ಇಳಿಯುವ ಮುಂಚೆ ಬಂದು ಕಾಗದದ ಪೊಟ್ಟಣ ಬಿಚ್ಚಿದ. ಧರ್ಮಪುರಿಯ ಲಾರಿ ರಿಪೇರಿ ಪಟ್ಟರೆಯಲ್ಲಿ, ಹಳೇ ಲಾರಿಯ ಬಿಡಿಭಾಗಗಳ ಡ್ರಮ್ಮಿಗೆ ಕೈಹಾಕಿ ಹುಡುಕಿ ತಂದದ್ದು. ಒಂದಲ್ಲ, ನಾಲ್ಕು. “ಮಿಕ್ಕಿದ್ದೂ ಅಳೇವು, ಎಲ್ಲಾ ಮಾತ್ಬಿಡು” ಎಂದ. ಮಾತ್ಬಿಡು ಅಂದರೆ ತಮಿಳಿನಲ್ಲಿ ಬದಲಾಯಿಸು ಎಂದು, ನಮ್ಮ ಮನೆಯಲ್ಲಿ ಕನ್ನಡದ ಜೊತೆಗೇ ಓಡಾಡುವ ಮಾತು. ನಾನು ಹಾಕಿ ನೋಡಿದೆ, ಬೆರಳಿಗೇ ತಿರುಗಿ ಕೊನೆ ಮುಟ್ಟಿತು. ನಮ್ಮಣ್ಣನ ಮೇಲಿನ ಅರ್ಧ ಸಿಟ್ಟು ಅಲ್ಲಿಗೆ ಇಳಿಯಿತು. ಅರ್ಧ ಮಾತ್ರ.

ಬರಿಯ ಕಬ್ಬಿಣಕ್ಕೆ ಬರಿಯ ಕಬ್ಬಿಣ ಕೂರಿಸಿ, ಗೇಜು ಕಟ್ಟಿ, ಮತ್ತೆ ಮೂಲೆಯಿಂದ ಮೂಲೆಗೆ ಸುತ್ತು ಹಾಕಿದೆವು. ಈ ಸಲ ಸುತ್ತಿಗೆ ತಟ್ಟಿದವಳು ಅತ್ತಿಗೆ, ಮುಳ್ಳು ನೋಡಿದವಳು ನಾನು. “ಇನ್ನೊಂಚೂರು... ಸಾಕು... ಬಿಗಿ.” ಬೋಲ್ಟು ಕಚ್ಚಿದ ಸದ್ದಿನಲ್ಲೇ ಗೊತ್ತಾಯಿತು, ಇದು ಇನ್ನು ಜಾರುವುದಿಲ್ಲ. ಮೋಟಾರನ್ನು ಹಿಂದಿನಿಂದ ಮುಂದಕ್ಕೆ ಎಳೆದೆ. ಜಿಗಿತ ಇಲ್ಲ. ಮುಳ್ಳು ಒಂದು ಗೀಟು ಆಚೆ, ಒಂದು ಗೀಟು ಈಚೆ ಉಸಿರಾಡಿತು, ಅಷ್ಟೇ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಮಿಲ್ಲಿನಲ್ಲಿ ಹೊಸ ಯಂತ್ರಕ್ಕೂ ನಾನು ಇಷ್ಟು ಸಮ ಕೂರಿಸಿಲ್ಲ. ಹೇಳಿಕೊಳ್ಳಬಾರದು ಅಂತಾರೆ, ನಾನು ಹೇಳಿಕೊಳ್ಳುತ್ತೇನೆ.

ಮೇಜಿನ ಹಲಗೆ ಹಾಸಿ, ನಡು ಜೋಲದ ಹಾಗೆ ಮಧ್ಯದ ಸ್ಕ್ರೂ ಏರಿಸಿದೆ. ಕೊನೆಗೆ ಉಳಿದದ್ದು ಮೋಟಾರು ಮುಂದಕ್ಕೆ ನುಗ್ಗುವ ಕಾಯಿಲೆ. ಮಿಷನ್ನಿನ ಮುಂದಿನ ಎರಡು ಕಾಲಿನ ಕೆಳಗೆ ತಗಡಿನ ತುಂಡು ಕೊಟ್ಟು ಇಡೀ ಮಿಷನ್ನನ್ನೇ ಚೂರು ಹಿಂದಕ್ಕೆ ಒರಗಿಸಿದೆ. ಈಗ ಕೈಬಿಟ್ಟರೆ ಮೋಟಾರು ತಾನಾಗಿ ಕಂಬದ ಕಡೆಗೆ ಹೋಗಿ ಸುಮ್ಮನಾಗುತ್ತದೆ, ಬೆರಳ ಕಡೆಗೆ ಬರುವುದಿಲ್ಲ. ಅಣ್ಣ ರಸಮಟ್ಟ ಇಟ್ಟು ನೋಡಿದ. ಗು‍ಳ್ಳೆ ಗೀಟು ದಾಟಿ ಓಡಿಹೋಗಿತ್ತು.

“ಮಟ್ಟ ಓಯ್ತಲ್ಲ!” ಎಂದ, ನಿಜವಾಗಿಯೂ ಸಂಕಟದಿಂದ.

“ಓಗ್ಲಿ ಬಿಡು. ಕೈಗೆ ಸಮ ಐತೆ, ಅದು ಸಾಕು.”

ಅವನು ಮೋಟಾರನ್ನು ಅರ್ಧಕ್ಕೆ ಎಳೆದು ಕೈಬಿಟ್ಟ. ಅದು ಮೆಲ್ಲಗೆ ಹಿಂದಕ್ಕೆ ಹೋಯಿತು. ಮತ್ತೆ ಎಳೆದ, ಮತ್ತೆ ಬಿಟ್ಟ. ಮಕ್ಕಳ ಆಟದ ಹಾಗೆ ಸುಮಾರು ಸಲ ಮಾಡಿದ. ಆಮೇಲೆ ಅತ್ತಿಗೆಯ ಕಡೆ ತಿರುಗಿ, “ಇಷ್ಟು ದಿನ ಇದು ನಿನ್ ಮೇಲೇ ಬರ್ತಿತ್ತಾ?” ಎಂದು ಕೇಳಿದ. ಅವಳು ಹೂಂ ಎಂದಳು. ಅವನು ಮುಖ ಒರೆಸಿಕೊಂಡು ಹೊರಗೆ ಹೋದ.

ಶುಕ್ರವಾರ ಮೇಡಂ ಬಂದರು. ವಾಪಸ್ ಬಂದ ಪೆಟ್ಟಿಗೆಗಳನ್ನು ಮೂಲೆಯಲ್ಲಿ ನೋಡಿ, “ಇಂದ ತಡವೆಯಾವದು ಒಳುಂಗಾ ವರುಮಾ?” ಎಂದು ತಮಿಳಿನಲ್ಲಿ ಕೇಳಿದರು, ಈ ಸಲವಾದರೂ ನೆಟ್ಟಗೆ ಬರುತ್ತದಾ ಎಂದು. ಬೇರೆ ಊರಿನ ಗಿರಾಕಿ, ಓದಿದವರು, ಕಾರಿನಲ್ಲಿ ಬಂದವರು. ಅಣ್ಣ ಅಭ್ಯಾಸದಂತೆ ಷರ್ಟಿನ ತೋಳು ಮಡಚಿಕೊಂಡು ಮಿಷನ್ನಿನ ಮುಂದೆ ನಡೆದ. ಗಿರಾಕಿ ಬಂದಾಗ ಮಿಷನ್ ಮುಂದೆ ಯಜಮಾನ ನಿಲ್ಲಬೇಕು, ಅದು ಅವನ ಕ್ರಮ. ಎಲ್ಲಾ ಕೆಲಸ ಸರಿಹೋದ ಮೇಲೂ ಇದು ಹೀಗೇ ಮುಗಿಯುತ್ತದಾ ಎಂದು ನನ್ನ ನಾಲಿಗೆ ತುದಿಗೆ ಬಂದ ಬೈಗುಳ ಒಂದೆರಡಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಅಲ್ಲಿದ್ದಳು. ಸೆರಗು ಸೊಂಟಕ್ಕೆ ಬಿಗಿದು ಸ್ವಿಚ್ಚಿನ ಮುಂದೆ ನಿಂತಿದ್ದಳು. ಅಣ್ಣ ಹತ್ತಿರ ಬಂದರೂ ಸರಿಯಲಿಲ್ಲ. ಒಂದು ಕ್ಷಣ ಇಬ್ಬರೂ ಎದುರುಬದುರು. ಮೇಡಂ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದರು.

“ಬಾವ, ಅಲಗೆ ಎತ್ಕೊಡು” ಎಂದಳು ಅತ್ತಿಗೆ.

ದನಿ ಏರಿಸಲಿಲ್ಲ, ಉಪ್ಪು ಕೊಡು ಅಂದ ಹಾಗೆ ಅಂದಳು. ಅಣ್ಣ ನಿಂತ. ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು. ಅವನು ತಿರುಗಿ ಹಲಗೆಯ ರಾಶಿಗೆ ಹೋದ, ಒಂದನ್ನು ಎತ್ತಿದ, ಗಂಟು ಕಂಡು ಕೆಳಗಿಟ್ಟ, ಇನ್ನೊಂದು ಒಳ್ಳೆಯದನ್ನು ಆರಿಸಿ ಧೂಳು ಒರೆಸಿ ತಂದು ಅವಳ ಮುಂದಿಟ್ಟ.

ಅವಳು ಎಳೆದಳು. ಗರಗಸ ಒಂದೇ ರಾಗದಲ್ಲಿ ಹಾಡಿತು, ತೋಳಿಗೆ ತೊಯ್ದಾಟವೇ ಇಲ್ಲ. ನಾಲ್ಕು ಹಲಗೆ, ನಾಲ್ಕೂ ಮೂಲೆ, ಕಚ್ಚು, ಎಲ್ಲ ಮುಗಿಸಿ ಮೊಳೆ ಹೊಡೆದು ಕೂಡಿಸಿದಳು. ಅಂಥದೇ ಇನ್ನೊಂದು. ಮೇಡಂ ಒಂದರ ಮೇಲೊಂದು ಇಟ್ಟು ಮೂಲೆ ಮೂಲೆಗೆ ಅಂಗೈ ಒತ್ತಿದರು. ಅಲುಗಲಿಲ್ಲ. ಚೀಲದಿಂದ ಚೌಕಟ್ಟು ತೆಗೆದು ಕಚ್ಚಿನಲ್ಲಿ ಇಳಿಸಿ, ತುದಿಯಿಂದ ತುದಿಗೆ ಸರಿಸಿದರು. ಎಲ್ಲೂ ಸಿಕ್ಕಲಿಲ್ಲ, ಎಲ್ಲೂ ಜೋತಾಡಲಿಲ್ಲ. ಕೂತುಕೊಂಡು ಸಂದಿನಲ್ಲಿ ಬೆಳಕು ನೋಡಿದರು.

“ಯಾರಮ್ಮ ಇಷ್ಟು ನೀಟಾಗಿ ಕುಯ್ಯೋದು ಕಲ್ಸಿದ್ದು?” ಎಂದರು, ಈ ಸಲ ಕನ್ನಡದಲ್ಲೇ. ಅವರ ಮನೆಯ ಮಾತೂ ಅದೇ ಎಂದು ಆಗ ಗೊತ್ತಾಯಿತು.

ಅತ್ತಿಗೆ ಉತ್ತರ ಹೇಳುವ ಪುರುಸೊತ್ತಿನಲ್ಲಿ ಇರಲಿಲ್ಲ. ಕೈ ಚಾಚಿ ನಿಂತಿದ್ದಳು. ಅಣ್ಣ ಮುಂದಿನ ಹಲಗೆ ಎತ್ತಿ ಕೊಟ್ಟ, ಅದರ ಹಿಂದೆ ಇನ್ನೊಂದು. ನಾನು ಸೇಲಂ ಬಸ್ಸಿಗೆ ಹೊರಟಾಗಲೂ ಅವನು ಕೊಡುತ್ತಲೇ ಇದ್ದ.